ನಕಾಶೆ ಕಂಡ ದಾರಿ

‘ಸಂಸ್ಕಾರ’ದ ಪ್ರಾಣೇಶಾಚಾರ್ಯರು ಅಗ್ರಹಾರ ಬಿಟ್ಟು ಹೊರಟ ಮೇಲೆ ಕಾದಂಬರಿಯ ಕೊನೆಯ ಭಾಗವೆಲ್ಲ ನಡಿಗೆ. ಕಾಡುದಾರಿಯಲ್ಲಿ ಮಾಲೇರ ಪುಟ್ಟ ಜೊತೆಯಾಗುತ್ತಾನೆ, ಬೇಡವೆಂದರೂ ಬಿಡದೆ ಅಂಟಿಕೊಳ್ಳುತ್ತಾನೆ, ಮೇಳಿಗೆಯ ತೇರಿಗೆ ಕರೆದುಕೊಂಡು ಹೋಗುತ್ತಾನೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಕಾಲದಿಂದ ಈ ಪುಸ್ತಕವನ್ನು ಮತ್ತೆ ಮತ್ತೆ ಓದಿದ್ದೇನೆ. ಧರ್ಮ, ಜಾತಿ, ಕಾಮದ ಬಗ್ಗೆ ದೊಡ್ಡವರು ಬರೆದ ವಿಮರ್ಶೆಗಳನ್ನೂ ಓದಿದ್ದೇನೆ. ನನ್ನನ್ನು ಪ್ರತಿಸಲವೂ ಹಿಡಿದು ನಿಲ್ಲಿಸುವುದು ಮಾತ್ರ ಆ ನಡಿಗೆ. ಗುರುತಿಲ್ಲದವನೊಬ್ಬ ಪಕ್ಕಕ್ಕೆ ಬಂದು ಮಾತಿಗೆ ಎಳೆಯಬಹುದಾದ ದಾರಿ ಅದು. ಮೇಳಿಗೆಯಲ್ಲಿ ಹುಟ್ಟಿ ಬೆಳೆದ ನನಗೆ ಆ ದಾರಿಯ ಮಣ್ಣಿನ ಬಣ್ಣವೂ ಗೊತ್ತು.

ಅನಂತಮೂರ್ತಿಯವರು ಆ ಕಾದಂಬರಿಯನ್ನು ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಕೂತು. 1932ರ ಡಿಸೆಂಬರ್ 21ರಂದು ಮೇಳಿಗೆಯಲ್ಲಿ ಹುಟ್ಟಿದವರು ಅವರು. ದೂರ್ವಾಸಪುರದ ಸಂಸ್ಕೃತ ಪಾಠ, ತೀರ್ಥಹಳ್ಳಿ, ಮೈಸೂರು ಎಲ್ಲ ದಾಟಿ 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಅಲ್ಲಿಗೆ ಹೋದರು. ಗುರುಗಳಾದ ಮಾಲ್ಕಮ್ ಬ್ರಾಡ್‌ಬರಿ ಅವರ ಜೊತೆ ಬರ್ಗ್‌ಮನ್ನನ ‘ದಿ ಸೆವೆನ್ತ್ ಸೀಲ್’ ಸಿನಿಮಾ ನೋಡಿದರು. ಯುರೋಪಿನವರು ಓದಿ ಕಲ್ಪಿಸಿಕೊಳ್ಳಬೇಕಾದ ಮಧ್ಯಯುಗವನ್ನು ತಾವು ಹುಟ್ಟೂರಿನಲ್ಲಿ ಕಣ್ಣಾರೆ ಕಂಡಿದ್ದೇವೆ ಎನ್ನುವುದು ಅಲ್ಲಿ ಹೊಳೆಯಿತು ಎಂದು ಮುಂದೆ ಎಷ್ಟೋ ಕಡೆ ಹೇಳಿಕೊಂಡರು. 1965ರಲ್ಲಿ ಕಾದಂಬರಿ ಹೊರಬಂತು. ಡಾಕ್ಟರೇಟಿಗೆ ಬರೆದ ಪ್ರಬಂಧವಾದರೋ 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯದ ಮೇಲಿನದು. ಆ ದಶಕದ ಇಂಗ್ಲೆಂಡಿನ ಬಗ್ಗೆ ನನಗೂ ಹೇಳಬೇಕಾದದ್ದು ಒಂದಿದೆ. ನಾನು ಅದನ್ನು ಕಾಲಿನಿಂದ ಓದಿದೆ.

ಮೊದಲು ನಮ್ಮ ದಾರಿಗಳ ಮಾತು. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಬರುವಾಗ ಮೇಳಿಗೆ ಸಿಗುತ್ತದೆ. ನಾನು ಚಿಕ್ಕವಳಿದ್ದಾಗಲೂ ರಸ್ತೆ ಇತ್ತು, ಬಸ್ಸು ಇತ್ತು. ಆದರೆ ರಸ್ತೆ ಇದ್ದದ್ದು ಪೇಟೆಗೆ ಹೋಗಲು. ಮನೆಯಿಂದ ಮನೆಗೆ, ತೋಟದಿಂದ ಬ್ಯಾಣಕ್ಕೆ, 1608ರ ಅನಂತನಾಥ ಬಸದಿಯ ಆಸುಪಾಸಿನಿಂದ ನಮ್ಮ ಶಾಲೆಗೆ, ಎಲ್ಲ ಒಳದಾರಿಗಳೇ. ಗದ್ದೆ ಅಂಚಿನ ಮೇಲೆ ಹೋಗಿ, ಹಳ್ಳಕ್ಕೆ ಹಾಕಿದ ಸಂಕ ದಾಟಿ, ಹಕ್ಕಲು ಏರಿ, ತಡಬೆ ಹತ್ತಿ ಇಳಿದರೆ ಇನ್ನೊಬ್ಬರ ಅಂಗಳ. ಉಣುಗೋಲು ಸರಿಸಿ ಹೋದವರು ಮತ್ತೆ ಹಾಕಿಯೇ ಹೋಗಬೇಕು, ಇಲ್ಲದಿದ್ದರೆ ದನ ಗದ್ದೆಗೆ ನುಗ್ಗುತ್ತದೆ. ಅಕ್ಷರ ಕಲಿಯುವ ಮೊದಲೇ ಮಲೆನಾಡಿನ ಮಕ್ಕಳು ಇದನ್ನು ಕಲಿಯುತ್ತಿದ್ದರು. ಮಳೆಗಾಲದಲ್ಲಿ ಇಂಬಳ ಹತ್ತದಂತೆ ಕಾಲಿಗೆ ಸುಣ್ಣ, ಹೊಗೆಸೊಪ್ಪು ಸವರಿಕೊಂಡು ಶಾಲೆಗೆ ಓಡುತ್ತಿದ್ದೆವು. ಅಡಿಕೆ ಕೊಯ್ಲಿಗೆ ಘಟ್ಟದ ಕೆಳಗಿನಿಂದ ಬರುವವರು, ಎಳ್ಳಮಾವಾಸ್ಯೆ ಜಾತ್ರೆಗೆ ತೀರ್ಥಹಳ್ಳಿಗೆ ಹೊರಟವರು, ಸಂಕ್ರಾಂತಿಗೆ ಕುಂದಾದ್ರಿ ಏರುವ ಜೈನ ಯಾತ್ರಿಕರು, ಎಲ್ಲರೂ ನಮ್ಮ ಅಂಗಳದ ಅಂಚಿನಲ್ಲೇ ಹಾದು ಹೋಗುತ್ತಿದ್ದರು. ಯಕ್ಷಗಾನ ಮೇಳದವರು ಪೆಟ್ಟಿಗೆ ಹೊತ್ತು ಘಾಟಿ ಹತ್ತಿ ನಡೆದೇ ಬರುತ್ತಿದ್ದ ಕಾಲವನ್ನು ಅಪ್ಪಯ್ಯ ನೋಡಿದ್ದರು. ಯಾರೇ ಹಾದರೂ ಜಗುಲಿಯಿಂದ ಒಂದು ಪ್ರಶ್ನೆ: ‘ಯಾರದು? ಎಲ್ಲಿಗೆ ಹೊರಟದ್ದು?’ ಹಿಂದೆಯೇ, ‘ಆಸರಿಗೆ ಬೇಕಾ?’

2019ರ ಬೇಸಿಗೆಯಲ್ಲಿ ನಾನು ಬರ್ಮಿಂಗ್‌ಹ್ಯಾಮಿಗೆ ಹೋದದ್ದು ಕಾದಂಬರಿಯ ನೆನಪಿಗಲ್ಲ, ಮಗಳ ಬಾಣಂತನಕ್ಕೆ. ನಮ್ಮ ಕಡೆಯ ಎಷ್ಟೋ ತಾಯಂದಿರು ಪರದೇಶ ಕಂಡದ್ದು ಹೀಗೆಯೇ. ಚೀಲದ ತುಂಬ ಬಾಣಂತಿ ಮದ್ದು, ಅಪ್ಪೆಮಿಡಿ ಉಪ್ಪಿನಕಾಯಿ, ಕೈಯಲ್ಲಿ ಆರು ತಿಂಗಳ ವೀಸಾ. ಮಗಳ ಮನೆ ಬೋರ್ನ್‌ವಿಲ್ ಹತ್ತಿರ. ಕ್ಯಾಡ್ಬರಿ ಮನೆತನದವರು ತಮ್ಮ ಚಾಕೊಲೇಟ್ ಕಾರ್ಖಾನೆಯ ಸುತ್ತ ಕಟ್ಟಿಸಿದ ಊರದು. ಗಾಳಿ ಬೀಸಿದ ದಿಕ್ಕಿಗೆ ಕೋಕೋ ವಾಸನೆ ಬರುತ್ತಿತ್ತು.

ಮನೆಯಿಂದ ಸ್ವಲ್ಪ ದೂರದಲ್ಲಿ ಕಾಲುವೆ. 1815ರಲ್ಲಿ ಮುಗಿದ ವೂಸ್ಟರ್–ಬರ್ಮಿಂಗ್‌ಹ್ಯಾಮ್ ಕಾಲುವೆ. ಕಲ್ಲಿದ್ದಲು, ಉಪ್ಪು ತುಂಬಿದ ದೋಣಿಗಳನ್ನು ದಡದ ಮೇಲೆ ನಡೆಯುತ್ತ ಕುದುರೆಗಳು ಎಳೆಯುತ್ತಿದ್ದವಂತೆ. ಸರಕು ರೈಲಿಗೆ, ಲಾರಿಗೆ ಹೋಯಿತು. ಕುದುರೆ ನಡೆದ ದಾರಿಯನ್ನು ಅವರು ಮುಚ್ಚಲಿಲ್ಲ. ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಅದೇ ದಾರಿಯಲ್ಲಿ ನಾನು ವಿಶ್ವವಿದ್ಯಾಲಯದ ಗಡಿಯಾರ ಗೋಪುರ ಕಾಣುವವರೆಗೆ ಹೋಗುತ್ತಿದ್ದೆ. ಆ ಗೋಪುರದ ಕೆಳಗೆಲ್ಲೋ ಮೇಳಿಗೆಯ ತೇರು ಕನ್ನಡಕ್ಕೆ ಬಂದಿತ್ತು ಎಂದುಕೊಂಡಾಗ ಎದೆ ತುಂಬಿಬರುತ್ತಿತ್ತು. ದಾರಿಯಲ್ಲಿ ಎದುರಾದವರೆಲ್ಲ ‘ಮಾರ್ನಿಂಗ್’ ಎನ್ನುವರು. ಎಲ್ಲಿಗೆ ಎಂದು ಒಬ್ಬರೂ ಕೇಳುವುದಿಲ್ಲ. ಮೊದಮೊದಲು ನನಗದು ಉಪ್ಪಿಲ್ಲದ ಊಟ ಅನ್ನಿಸಿತು.

ಪಕ್ಕದ ಮನೆಯ ನಿವೃತ್ತ ನರ್ಸ್ ಒಬ್ಬರು ವಾರಕ್ಕೊಮ್ಮೆ ಹಳ್ಳಿಗಾಡಿನಲ್ಲಿ ನಡೆಯುವ ಗುಂಪಿನಲ್ಲಿದ್ದರು. ಹೆಚ್ಚಿನವರು ಅರವತ್ತು ದಾಟಿದವರು, ಅರ್ಧಕ್ಕಿಂತ ಹೆಚ್ಚು ಹೆಂಗಸರು. ನೀವೂ ಬನ್ನಿ ಎಂದರು. ನಾನು ಮಗುವಿನ ಕಡೆ ನೋಡಿದೆ. ‘ಹೋಗಿ ಬಾ ಅಮ್ಮ, ಶನಿವಾರ ಇವ್ರು ಮನೇಲಿರ್ತಾರೆ, ಪಾಪೂನ ನೋಡ್ಕಳ್ತಾರೆ’ ಎಂದು ಮಗಳು ತನ್ನ ಶೂ ನನಗೆ ಹಾಕಿಸಿ ಕಳಿಸಿದಳು.

ಆ ಮೊದಲ ನಡಿಗೆ ನನ್ನ ಮನಸ್ಸಿನಲ್ಲಿ ಇಂದಿಗೂ ನಿಚ್ಚಳವಾಗಿದೆ. ಬೇಲಿಸಾಲಿನ ಹಾಥಾರ್ನ್ ಗಿಡಗಳೆಲ್ಲ ಬಿಳಿ ಹೂ ಬಿಟ್ಟಿದ್ದವು. ರಸ್ತೆ ಬದಿಯಲ್ಲಿ ಒಂದು ಮರದ ಕಂಬ, ಅದಕ್ಕೊಂದು ಬಾಣದ ಗುರುತು, ಅದರ ಕೆಳಗೆ ತಡಬೆ! ಎರಡು ಗೂಟ, ನಡುವೆ ಹಲಗೆ, ಹಿಡಿದುಕೊಳ್ಳಲು ಒಂದು ಕಂಬ. ಜೊತೆಯವರು ನನ್ನ ಕೈ ಹಿಡಿಯಲು ಬಂದರು. ನಾನು ದುಪ್ಪಟ ಸೊಂಟಕ್ಕೆ ಕಟ್ಟಿ, ಎಡಗಾಲಿಟ್ಟು ಹತ್ತಿ, ಬಲಗಾಲು ಆಚೆ ಹಾಕಿ ಇಳಿದೆ. ನಮ್ಮೂರಲ್ಲಿ ಶಾಲೆಗೆ ಹೋಗುವ ದಾರಿಯಲ್ಲಿ ಇದು ಇತ್ತು ಎಂದೆ. ಅವರಿಗೆ ಆದ ಆಶ್ಚರ್ಯಕ್ಕಿಂತ ನನಗಾದ ಸಂತೋಷ ದೊಡ್ಡದು. ಎಷ್ಟು ವರ್ಷವಾಗಿತ್ತು ನಾನು ತಡಬೆ ದಾಟಿ!

ಮುಂದೆ ಮೊಳಕಾಲೆತ್ತರ ಬೆಳೆದ ಗೋಧಿ ಹೊಲ. ಅದರ ನಟ್ಟನಡುವೆ ನೇರವಾಗಿ ದಾರಿ. ರೈತ ಬಿತ್ತಿದ ಮೇಲೂ ಕಾಲುದಾರಿಗೆ ಕನಿಷ್ಠ ಒಂದು ಮೀಟರ್ ಅಗಲ ಬಿಡಿಸಿ ಕೊಡಬೇಕು, ಅಲ್ಲಿನ ಕಾನೂನು. ನಮ್ಮಲ್ಲಿ ಗದ್ದೆ ಅಂಚೇ ದಾರಿಯಾದ್ದರಿಂದ ಈ ತೊಡಕು ಇಲ್ಲ, ಆದರೂ ಬೆಳೆದು ನಿಂತ ಪೈರನ್ನು ಸೀಳಿಕೊಂಡು ಹೋಗಲು ನನ್ನ ಕಾಲು ಹಿಂಜರಿಯಿತು. ಆಮೇಲೆ ದಾರಿ ಒಂದು ಮನೆಯ ಹಿತ್ತಿಲೊಳಗೇ ಹೊಕ್ಕಿತು. ಮನೆಯಾತ ಗುಲಾಬಿ ಗಿಡ ಸವರುತ್ತಿದ್ದ. ತಲೆಯೆತ್ತಿ ನೋಡಿದ, ತಲೆಯಾಡಿಸಿದ, ಮತ್ತೆ ಗಿಡದ ಕಡೆ ತಿರುಗಿದ. ನಾವು ಯಾರು, ಯಾವ ಊರು, ಯಾರ ಪೈಕಿ, ಒಂದೂ ಅವನಿಗೆ ಬೇಕಿರಲಿಲ್ಲ. ಜಾಗ ಅವನದು, ದಾರಿ ಎಲ್ಲರದು. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇಂಥ ದಾರಿ ಸುಮಾರು 2,25,000 ಕಿಲೋಮೀಟರ್ ಇದೆ ಎಂದು ಆಮೇಲೆ ತಿಳಿದಾಗ ಆ ದೇಶದ ಅರಮನೆ, ಮ್ಯೂಸಿಯಂಗಳೆಲ್ಲ ನನಗೆ ಇದರ ಮುಂದೆ ಚಿಕ್ಕದಾದವು.

ಗುಂಪಿನ ಮುಂದಾಳು ತಂದಿದ್ದ ನಕಾಶೆಯನ್ನು ಹುಲ್ಲಿನ ಮೇಲೆ ಹರಡಿಕೊಂಡು ಕೂತೆವು. ಆರ್ಡ್‌ನನ್ಸ್ ಸರ್ವೆಯವರ ನಕಾಶೆ, ನಾಲ್ಕು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಪ್ರತಿಯೊಂದು ಬೇಲಿ, ಪ್ರತಿಯೊಂದು ತೊರೆ, ಹಸಿರು ತುಂಡುಗೆರೆಗಳಲ್ಲಿ ಪ್ರತಿಯೊಂದು ಸಾರ್ವಜನಿಕ ಕಾಲುದಾರಿ. ಫ್ಲಾಸ್ಕಿನ ಚಹಾ, ಅವರ ಸ್ಯಾಂಡ್‌ವಿಚ್, ನನ್ನ ಅಕ್ಕಿರೊಟ್ಟಿ ಚಟ್ನಿಪುಡಿ ಎಲ್ಲ ಹಂಚಿಕೊಂಡೆವು. ಏಳುವ ಮೊದಲು ಒಬ್ಬರು ಕಾಲುಚೀಲದೊಳಗೆ ಪ್ಯಾಂಟ್ ಸಿಕ್ಕಿಸಿಕೊಳ್ಳಿ ಎಂದು ನೆನಪಿಸಿದರು. ಹುಲ್ಲಿನಲ್ಲಿ ಉಣುಗು ಇರುತ್ತದೆ, ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು. ಆ ಮಾತು ಕೇಳಿ ನಾನು ಸುಮ್ಮನಾದೆ. ಅದೇ ವರ್ಷ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ, ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆ ಜೀವಗಳನ್ನು ತೆಗೆದಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ. ಸೌದೆಗೆ, ದರಕಿಗೆ ಕಾಡಿಗೆ ಹೋಗುವವರು ಇಂದಿಗೂ ಮೈಗೆ ಎಣ್ಣೆ ಸವರಿಕೊಂಡು ಹೋಗಬೇಕು. ವಿಹಾರಕ್ಕೆ ನಡೆಯುವವರು, ಹೊಟ್ಟೆಪಾಡಿಗೆ ನಡೆಯುವವರು. ಹುಳ ಎರಡೂ ಕಡೆ ಉಣುಗೇ, ಹೆದರಿಕೆ ಒಂದೇ ತೂಕದ್ದಲ್ಲ. ಮತ್ತೆ ಹೊರಟ ಮೇಲೆ ನಾನು ಅವರಿಗೆ ಆ ಕತೆಯನ್ನು ಪೂರ್ತಿ ಹೇಳಿದೆ. ಅವರು ನಡಿಗೆ ನಿಲ್ಲಿಸಿ ಕೇಳಿಸಿಕೊಂಡರು.

ಮಳೆಯ ವಿಷಯದಲ್ಲಿ ಮಾತ್ರ ನಾನು ಅವರಿಗೆ ಧೈರ್ಯ ಹೇಳುವವಳಾದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ, ಬರ್ಮಿಂಗ್‌ಹ್ಯಾಮಿನಲ್ಲಿ 800ರ ಆಸುಪಾಸು. ಅಲ್ಲಿನ ಜಡಿಮಳೆ ನಮ್ಮ ಮೃಗಶಿರದ ಮೊದಲ ಹನಿಗೂ ಸಮವಲ್ಲ.

ಜೂನ್ ತಿಂಗಳಲ್ಲಿ ಕಿಂಡರ್ ಸ್ಕೌಟ್ ಹತ್ತಿದೆವು. ನನ್ನ ಪಾಲಿಗೆ ಆ ಪ್ರಯಾಣದ ಶಿಖರ ಅದು. ಶೆಫೀಲ್ಡಿನಿಂದ ಮ್ಯಾಂಚೆಸ್ಟರ್ ಕಡೆ ಹೋಗುವ ರೈಲಿನಲ್ಲಿ ಈಡೇಲ್ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಬೆಟ್ಟ. ಕಲ್ಲನ್ನು ಗಾರೆಯಿಲ್ಲದೆ ಪೇರಿಸಿದ ಪಾಗಾರಗಳು, ನಮ್ಮ ಹಳೆಯ ತೋಟದ ಪಾಗಾರಗಳ ಹಾಗೆಯೇ. ಅವುಗಳಲ್ಲಿ ಚಾಚಿಕೊಂಡ ಕಲ್ಲಿನ ಮೆಟ್ಟಿಲುಗಳೇ ತಡಬೆ. ಜೇಕಬ್ಸ್ ಲ್ಯಾಡರ್ ಎಂಬ ಕಡಿದಾದ ಮೆಟ್ಟಿಲುದಾರಿ ಏರಿ ನೆತ್ತಿ ಸೇರಿದೆವು. ಎತ್ತರ 636 ಮೀಟರ್. ನಮ್ಮ ಕುಂದಾದ್ರಿ 826. ಲೆಕ್ಕದಲ್ಲಿ ಕುಂದಾದ್ರಿಯೇ ದೊಡ್ಡದು, ಆದರೆ ಕಿಂಡರ್ ನೆತ್ತಿಯ ಮೇಲೆ ನಿಂತವರಿಗೆ ಲೆಕ್ಕ ಮರೆತುಹೋಗುತ್ತದೆ. ಒಂದು ಮರವಿಲ್ಲ. ಕಣ್ಣು ಹೋದಷ್ಟು ದೂರ ಕಪ್ಪು ಬಯಲು, ಅದರ ಮೇಲೆ ಹತ್ತಿಹುಲ್ಲಿನ ಬಿಳಿ ತೆನೆಗಳು ಗಾಳಿಗೆ ಒಂದೇ ಕಡೆ ಬಾಗಿವೆ. ನೆಲವೆಲ್ಲ ಪೀಟ್. ನೀರಿನಲ್ಲಿ ಪೂರ್ತಿ ಕೊಳೆಯಲಾರದ ಪಾಚಿ ಸಾವಿರಾರು ವರ್ಷ ಪದರ ಪದರವಾಗಿ ಕೂಡಿ ಆದ ಮಣ್ಣು. ತೊರೆ ಬಂಡೆಯ ಅಂಚಿನಿಂದ ಸುಮಾರು 30 ಮೀಟರ್ ಕೆಳಗೆ ಬೀಳುವ ಕಡೆ, ಎದುರು ಗಾಳಿ ಜೋರಾದರೆ ನೀರು ಬೀಳದೆ ಮೇಲಕ್ಕೇ ಹಾರಿಬರುತ್ತದೆ. ಜೋಗ, ಕುಂಚಿಕಲ್ಲು ಎಲ್ಲ ನೋಡಿದ ಕಣ್ಣು ನನ್ನದು. ಮೇಲಕ್ಕೆ ಹೋಗುವ ನೀರನ್ನು ಕಂಡು ಮಕ್ಕಳಂತೆ ಕೂಗಿದೆ.

ಪೀಟ್ ಮೇಲೆ ಕಾಲಿಟ್ಟರೆ ಹೂತುಹೋಗುತ್ತದೆ. ಆದ್ದರಿಂದ ದಾರಿಗೆ ಉದ್ದಕ್ಕೂ ದೊಡ್ಡ ಚಪ್ಪಡಿಗಳನ್ನು ಹಾಸಿದ್ದಾರೆ. ಕೆಲವು ಚಪ್ಪಡಿಗಳ ಮೇಲೆ ಗೂಟ ಇಳಿಸಿದ ತೂತುಗಳು. ಇವು ಲ್ಯಾಂಕಶೈರಿನ ಹತ್ತಿ ಗಿರಣಿಗಳ ನೆಲಗಲ್ಲು, ಗಿರಣಿ ಕೆಡವಿದ ಮೇಲೆ ಇಲ್ಲಿಗೆ ತಂದು ಹಾಸಿದ್ದು ಎಂದರು ಗುಂಪಿನ ಹಿರಿಯರೊಬ್ಬರು. ಅವರ ತಂದೆ ಮ್ಯಾಂಚೆಸ್ಟರಿನಲ್ಲಿ ಗಿರಣಿ ಕೆಲಸಕ್ಕಿದ್ದವರು. ಬಂಡೆಯ ಮರೆಯಲ್ಲಿ ಕೂತು ಅವರು ಹೇಳಿದ ಕತೆ ಇದು.

ಒಂದು ಕಾಲಕ್ಕೆ ಈ ಬೆಟ್ಟಕ್ಕೆ ಯಾರೂ ಕಾಲಿಡುವಂತಿರಲಿಲ್ಲ. ಗ್ರೌಸ್ ಎಂಬ ಕಾಡುಕೋಳಿಯನ್ನು ಬೇಟೆಯಾಡಲು ಜಮೀನ್ದಾರರು ಇದನ್ನು ಕಾದಿಟ್ಟುಕೊಂಡಿದ್ದರು, ಕಾವಲಿಗೆ ದೊಣ್ಣೆ ಹಿಡಿದ ಆಳುಗಳು. ಮ್ಯಾಂಚೆಸ್ಟರ್, ಶೆಫೀಲ್ಡಿನ ಕೆಲಸಗಾರರಿಗೆ ವಾರವೆಲ್ಲ ಹೊಗೆ, ಭಾನುವಾರ ಒಂದು ದಿನ ಉಸಿರಾಟ. ಬೆಟ್ಟ ಕಣ್ಣೆದುರಿಗಿದೆ, ಹತ್ತುವಂತಿಲ್ಲ. 1932ರ ಏಪ್ರಿಲ್ 24, ಭಾನುವಾರ, ಹೇಫೀಲ್ಡ್ ಊರಿನ ಬೌಡನ್ ಬ್ರಿಜ್ ಕಲ್ಲುಗಣಿಯಲ್ಲಿ ನೂರಾರು ಜನ ಸೇರಿದರು. ಮುಂದೆ ನಿಂತವನು ಬೆನ್ನಿ ರಾತ್‌ಮನ್, ಇಪ್ಪತ್ತು ವರ್ಷದ ಯಹೂದಿ ಹುಡುಗ. ಎಲ್ಲರೂ ಗುಂಪುಗೂಡಿ ನಿಷೇಧದ ಬೆಟ್ಟ ಏರಿದರು, ಕಾವಲಿನವರ ಜೊತೆ ತಳ್ಳಾಟವಾಯಿತು. ಇಳಿದು ಬಂದಾಗ ಪೊಲೀಸರು ಹಿಡಿದರು. ಐದು ಜನ ಜೈಲಿಗೆ ಹೋದರು, ರಾತ್‌ಮನ್ನಿಗೆ ನಾಲ್ಕು ತಿಂಗಳು. ಬೆಟ್ಟ ಹತ್ತಿದ್ದಕ್ಕೆ ಜೈಲೇ ಎಂದು ದೇಶವೆಲ್ಲ ಮಾತಾಡಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂತು, ಊರೂರಿನ ಕಾಲುದಾರಿಗಳನ್ನು ನಕಾಶೆಯಲ್ಲಿ ದಾಖಲಿಸಬೇಕೆಂದು ಅದೇ ಕಾಯ್ದೆ ವಿಧಿಸಿತು. 1951ರಲ್ಲಿ ಈ ಬೆಟ್ಟವಿರುವ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಬಂಜರು ಬೆಟ್ಟಬಯಲುಗಳಲ್ಲಿ ದಾರಿ ಬಿಟ್ಟು ಓಡಾಡುವ ಹಕ್ಕು 2000ದ ಕಾಯ್ದೆಯಿಂದ ಬಂತು. 2002ರಲ್ಲಿ, ಎಪ್ಪತ್ತು ವರ್ಷದ ನೆನಪಿನ ಸಭೆಯಲ್ಲಿ, ಆಗಿನ ಡೆವನ್‌ಶೈರ್ ಡ್ಯೂಕ್ ತಮ್ಮ ಅಜ್ಜನ ಕಾಲದಲ್ಲಿ ನಡೆದದ್ದಕ್ಕೆ ಎಲ್ಲರೆದುರು ಕ್ಷಮೆ ಕೇಳಿದರು. ಅದೇ ವರ್ಷದ ಜನವರಿಯಲ್ಲಿ ರಾತ್‌ಮನ್ ತೀರಿಕೊಂಡಿದ್ದ. ಆ ಮಾತು ಕೇಳಲು ಅವನು ಉಳಿದಿರಲಿಲ್ಲ.

1932. ನಮ್ಮೂರಿನಲ್ಲಿ ಅನಂತಮೂರ್ತಿ ಹುಟ್ಟಿದ ವರ್ಷ. ಗಿರಣಿಯ ನೆಲಗಲ್ಲಿನ ಮೇಲೆ ಕೂತು ನಾನು ಯೋಚಿಸಿದ್ದು ಮಾತ್ರ ಇನ್ನೂ ಹಿಂದಿನ ಒಂದು ದಾರಿಯ ಬಗ್ಗೆ. ಹಿರಿಯರ ಕತೆ ಮುಗಿದ ಮೇಲೆ ನಾನು ವೈಕಂ ಕತೆ ಹೇಳಿದೆ. 1924ರ ಮಾರ್ಚ್ 30ರಂದು ತಿರುವಾಂಕೂರಿನ ವೈಕಂ ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ನಡೆಯಲು ಮೂವರು ಹೊರಟರು. ಒಳಗೆ ಹೋಗಿ ಪೂಜೆ ಮಾಡಲಲ್ಲ, ಬರಿಯ ರಸ್ತೆಯಲ್ಲಿ ನಡೆಯಲು. ಕೆಳಜಾತಿ ಎನಿಸಿಕೊಂಡವರು ಆ ರಸ್ತೆಗೆ ಕಾಲಿಡುವಂತಿರಲಿಲ್ಲ. ಹಿಡಿದು ಜೈಲಿಗೆ ಹಾಕಿದರು, ಮರುದಿನ ಇನ್ನಷ್ಟು ಜನ ಬಂದರು. ಗಾಂಧೀಜಿ ಬಂದರು, ಪೆರಿಯಾರ್ ಬಂದು ಜೈಲು ಕಂಡರು. 1925ರ ನವೆಂಬರ್‌ವರೆಗೆ ನಡೆದ ಸತ್ಯಾಗ್ರಹದ ಕೊನೆಗೆ ಮೂರು ಕಡೆಯ ರಸ್ತೆ ತೆರೆಯಿತು, ಪೂರ್ವದ ಕಡೆಯದು ಪೂರ್ತಿ ತೆರೆಯಲಿಲ್ಲ. ಹಿರಿಯರು ಕೇಳಿದರು: ಅಲ್ಲಿ ತಡೆದವರೂ ಜಮೀನ್ದಾರರೇ? ಅಲ್ಲ, ತಡೆದದ್ದು ಹುಟ್ಟು ಎಂದೆ.

ಹಾಗೆ ಹೇಳಿದ ಕೂಡಲೇ ನನ್ನ ಮಾತು ವೈಕಂನಿಂದ ಮೇಳಿಗೆಗೆ ಬಂದು ನಿಂತಿತು. ನಮ್ಮ ಅಂಗಳದ ಅಂಚಿನಲ್ಲಿ ಹಾದು ಹೋಗುತ್ತಿದ್ದವರನ್ನು ಈಗಷ್ಟೇ ಇಲ್ಲಿ ಪಟ್ಟಿಮಾಡಿದೆನಲ್ಲ, ಅದರಲ್ಲಿ ಯಾರಿರಲಿಲ್ಲ? ‘ಎಲ್ಲಿಗೆ?’ ಎನ್ನುವ ಪ್ರಶ್ನೆಯ ಹಿಂದೆ ‘ಯಾರದು?’ ಎನ್ನುವ ಪ್ರಶ್ನೆ ಇತ್ತು. ಉತ್ತರ ಸರಿಯಾದರೆ ಬೆಲ್ಲ ನೀರು, ಇಲ್ಲದಿದ್ದರೆ ಅಂಗಳದ ಕೆಳಗಿನಿಂದ ಬಳಸಿಕೊಂಡು ಹೋಗಬೇಕು. ಇಂಗ್ಲೆಂಡಿನಲ್ಲಿ ಗುಲಾಬಿ ಗಿಡ ಸವರುತ್ತಿದ್ದವನು ನಮ್ಮನ್ನು ಏನೂ ಕೇಳದೆ ಇದ್ದದ್ದು ನನಗೆ ಮೊದಲು ಬಿಗಿತನವಾಗಿ ಕಂಡಿತ್ತು. ಕಿಂಡರ್ ಮೇಲೆ ಅದೇ ನನಗೆ ದೊಡ್ಡ ಮರ್ಯಾದೆಯಾಗಿ ಕಂಡಿತು. ಕೇಳದೆ ಇರುವುದು ಎಂದರೆ ನೀನು ಯಾರಾದರೂ ಸರಿ ಎನ್ನುವುದು. ಅನಂತಮೂರ್ತಿಯವರ ಇನ್ನೊಂದು ಕಾದಂಬರಿ ‘ಭಾರತೀಪುರ’ದ ಜಗನ್ನಾಥ ಇಂಗ್ಲೆಂಡಿನಿಂದ ತಿರುಗಿ ಬಂದು ತನ್ನೂರಿನ ದಲಿತರನ್ನು ದೇವಸ್ಥಾನದೊಳಗೆ ಕರೆದೊಯ್ಯಲು ಹೊರಡುತ್ತಾನೆ. ತರಗತಿಯಲ್ಲಿ ಆ ಪಾತ್ರವನ್ನು ನಾನು ವಿಚಾರವಾದಿ ಎಂದಷ್ಟೇ ವಿವರಿಸುತ್ತಿದ್ದೆ. ಪರದೇಶದ ನೆಲದಲ್ಲಿ ಸುಮ್ಮನೆ ನಡೆದಾಡಿದರೂ ಸಾಕು, ಊರಿನ ಅಂಗಳ ಬೇರೆಯಾಗಿ ಕಾಣುತ್ತದೆ ಎಂಬುದು ಬೆಟ್ಟದ ಮೇಲೆ ಮೈಗೆ ತಾಗಿತು.

ಅಕ್ಟೋಬರಿನಲ್ಲಿ ಊರಿಗೆ ಬಂದೆ. ನಮ್ಮ ಒಳದಾರಿಗಳನ್ನು ಹುಡುಕುತ್ತ ಹೊರಟರೆ ಹೆಚ್ಚಿನವು ಇಲ್ಲ. ಬೈಕು ಬಂದ ಮೇಲೆ ಕಾಲು ಬೀಳದ ದಾರಿಗಳು ಹಳುವಿನಲ್ಲಿ ಮುಚ್ಚಿಹೋಗಿವೆ. ಬ್ಯಾಣಗಳು ತೋಟವಾಗಿವೆ, ಹಕ್ಕಲುಗಳಲ್ಲಿ ಅಕೇಶಿಯ ನಿಂತಿದೆ. ತೋಟದ ಸುತ್ತ ಸೋಲಾರ್ ಬೇಲಿ. ಬೇಲಿ ಹಾಕಿದವರನ್ನು ನಾನು ದೂರುವುದಿಲ್ಲ. ಕಾಟಿ, ಹಂದಿ, ಮಂಗಗಳ ಹಾವಳಿಗೆ ವರ್ಷದ ಬೆಳೆ ಒಂದು ರಾತ್ರಿಯಲ್ಲಿ ಹೋಗುವುದನ್ನು ನಾನೂ ಕಂಡವಳು. ಆದರೆ ನಮ್ಮ ದಾರಿಗಳು ನಿಂತಿದ್ದದ್ದು ಪರಿಚಯದ ಮೇಲೆ. ಜಮೀನು ಕೈ ಬದಲಾಯಿತು, ಮಕ್ಕಳು ಬೆಂಗಳೂರು ಸೇರಿದರು, ಜಗುಲಿಯಲ್ಲಿ ಕೂತು ಕೇಳುವವರೇ ಇಲ್ಲವಾದರು. ಆಗ ದಾರಿಯ ಪರವಾಗಿ ಹೇಳಲು ಯಾರ ಹತ್ತಿರವೂ ಏನೂ ಉಳಿಯಲಿಲ್ಲ. ಹಿಂದೆ ಬಳಸಿ ಹೋಗಬೇಕಾಗಿದ್ದವರಿಗಂತೂ ಹೇಳುವ ಅವಕಾಶವೇ ಇರಲಿಲ್ಲ.

ಸರ್ವೆ ಆಫೀಸಿಗೆ ಅರ್ಜಿ ಕೊಟ್ಟು ಗ್ರಾಮ ನಕಾಶೆಯ ಪ್ರತಿ ತೆಗೆಸಿದೆ. ಬಿಚ್ಚಿ ಮೇಜಿನ ಮೇಲೆ ಹರಡಿದಾಗ ಕೈ ನಡುಗಿತು. ಅಲ್ಲಿದ್ದವು, ಚುಕ್ಕಿಗೆರೆಗಳಾಗಿ, ನನ್ನ ಶಾಲೆಯ ದಾರಿಯೂ ಸೇರಿ! ನಮ್ಮ ಕಂದಾಯದವರು ನಕಾಶೆ ಕಂಡ ದಾರಿ ಎನ್ನುವುದು ಇವಕ್ಕೇ. ಬಿ ಖರಾಬು ಎಂದು ಬರೆದಿಟ್ಟ ಜಾಗ ಸಾರ್ವಜನಿಕರದು, ಅದನ್ನು ಮುಚ್ಚುವ ಹಕ್ಕು ಜಮೀನಿನವರಿಗೆ ಇಲ್ಲ. ನಕಾಶೆಯಲ್ಲಿ ಇಲ್ಲದ ದಾರಿಗೂ ಒಂದು ಆಸರೆ ಇದೆ. 1882ರ ಈಸ್‌ಮೆಂಟ್ ಕಾಯ್ದೆಯಂತೆ 20 ವರ್ಷ ತಡೆಯಿಲ್ಲದೆ, ತನ್ನ ಹಕ್ಕೆಂದು ಬಳಸಿಕೊಂಡು ಬಂದ ದಾರಿಯನ್ನು ಕೇಳಬಹುದು, ಊರಿನ ರೂಢಿಯನ್ನೂ ಆ ಕಾಯ್ದೆ ಒಪ್ಪುತ್ತದೆ. ಇಂಗ್ಲೆಂಡಿನಲ್ಲಿಯೂ ಜನ 20 ವರ್ಷ ಹಾಗೆ ನಡೆದದ್ದನ್ನು ತೋರಿಸಿದರೆ ದಾರಿ ಸಾರ್ವಜನಿಕ ಎಂದು ನಕಾಶೆಗೆ ಸೇರುತ್ತದೆ. ಆ ನಿಯಮ ತಂದ ಕಾಯ್ದೆಯೂ 1932ರದ್ದೇ. ಅಲ್ಲಿ ಹಕ್ಕು ನಡೆಯುವ ಎಲ್ಲರಿಗೆ ಸೇರುತ್ತದೆ. ನಮ್ಮ ಕಾಯ್ದೆ ಹೆಚ್ಚಾಗಿ ಒಂದು ಜಮೀನಿಗೂ ಇನ್ನೊಂದು ಜಮೀನಿಗೂ ನಡುವಿನ ಸಂಬಂಧವಾಗಿ ದಾರಿಯನ್ನು ನೋಡುತ್ತದೆ. ಜಮೀನಿಲ್ಲದವರು ಏನನ್ನು ತೋರಿಸಿ ಕೇಳಬೇಕು?

ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರನ್ನು ಕರೆದುಕೊಂಡು ನಕಾಶೆ ಹಿಡಿದು ನಡೆಯತೊಡಗಿದೆ. ಒಂದು ಕಡೆ ಗೆರೆ ನೇರವಾಗಿ ತೋಟದ ಬೇಲಿಗೆ ಬಡಿಯಿತು. ತೋಟದ ಯಜಮಾನರು ಬಂದು ನಕಾಶೆ ತುಂಬ ಹೊತ್ತು ನೋಡಿದರು. ‘ಟೀಚರೇ, ಹಂದಿಗೆ ಹಾಕಿದ ಬೇಲಿ ಇದು, ನಿಮಗೆ ಹಾಕಿದ್ದಲ್ಲ ಮಾರಾಯ್ರೆ’ ಎಂದರು. ಮುಂದಿನ ವಾರ ಹೋದಾಗ ಅಲ್ಲಿ ತಂತಿ ಕಳಚಿ ಸಿಕ್ಕಿಸಲು ಪ್ಲಾಸ್ಟಿಕ್ ಹಿಡಿಯ ಕೊಕ್ಕೆ ಇತ್ತು. ದಾಟಿದವರು ಮತ್ತೆ ಸಿಕ್ಕಿಸಿ ಹೋಗಬೇಕು ಅಷ್ಟೆ, ಉಣುಗೋಲಿನ ಹಾಗೆಯೇ. ಇನ್ನೊಂದು ಕಡೆ ಒಪ್ಪಲಿಲ್ಲ. ಅದರ ಅರ್ಜಿ ತಾಲ್ಲೂಕು ಕಚೇರಿಯಲ್ಲಿದೆ.

ಹಳ್ಳದ ಆಚೆಯ ಕೇರಿಯ ಅಜ್ಜಿಯೊಬ್ಬರ ಮನೆಯ ಮುಂದೆ ಕೂತು ಆ ಚುಕ್ಕಿಗೆರೆಯನ್ನು ತೋರಿಸಿ, ಅಜ್ಜಿ, ನೀವು ಈ ದಾರಿಯಲ್ಲಿ ತೇರಿಗೆ ಬರುತ್ತಿದ್ದಿರಲ್ಲ, ಯಾವ ಕಾಲದಿಂದ ನೆನಪಿದೆ ಎಂದು ಕೇಳಿದೆ. ಅವರು ನಕಾಶೆಯ ಕಡೆ ನೋಡಲಿಲ್ಲ. ‘ನಾವು ಆ ದಾರೀಲಿ ಯಾವಾಗ ಬಂದಿದ್ವಿ ಅಮ್ಮ? ನಮ್ದು ಹಳ್ಳದ ಆಚೆ ಬದೀದು. ಅದು ನಿಮ್ಗೆ ಗೊತ್ತಿರಕ್ಕಿಲ್ಲ’ ಎಂದರು. ನಾನು ಹಳ್ಳದ ಆಚೆಯ ಬದಿಯನ್ನು ನಕಾಶೆಯಲ್ಲಿ ಹುಡುಕಿದೆ. ಅಲ್ಲಿ ಗೆರೆ ಇರಲಿಲ್ಲ. ಅಳೆಯಲು ಬಂದವರಿಗೆ ಆ ದಾರಿಯನ್ನು ತೋರಿಸಿಕೊಡುವವರು ಯಾರೂ ಇರಲಿಲ್ಲವೋ, ಕಂಡರೂ ದಾರಿ ಎನಿಸಲಿಲ್ಲವೋ.

ಅಜ್ಜಿ ಕೋಲು ಹಿಡಿದು ಮುಂದೆ ನಡೆದರು, ನಾವು ಹಿಂದೆ. ಹಳ್ಳದ ಬದಿಯ ವಾಟೆಮೆಳೆಯ ಕೆಳಗಿನಿಂದ, ಮೂರು ತೋಟಗಳ ಹಿಂಬದಿಯ ಅಗಳಿನ ಪಕ್ಕದಲ್ಲಿ, ತೇರುಬೀದಿಯ ಹತ್ತಿರ ಬಂದು ಕೂಡುವ ದಾರಿ. ಇಂದಿಗೂ ಅದು ಸವೆದು ಹಸನಾಗಿದೆ, ಕೇರಿಯ ಹೆಂಗಸರು ಕೆಲಸಕ್ಕೆ ಹೋಗುವುದು ಅದರಲ್ಲೇ. ಹುಡುಗರು ಮೊಬೈಲಿನಲ್ಲಿ ಅದರ ಗುರುತು ಹಾಕಿಕೊಂಡರು. ಈಗ ಗ್ರಾಮಸಭೆಗೆ ಕೊಡುವ ಅರ್ಜಿಯಲ್ಲಿ ಮೊದಲು ಬರೆದಿರುವುದು ಈ ದಾರಿಯನ್ನೇ, ನನ್ನ ಶಾಲೆಯ ದಾರಿ ಅದರ ನಂತರ. ಜೊತೆಗೆ ಕೇರಿಯ ಹಿರಿಯರ ಹೇಳಿಕೆಗಳನ್ನು ಬರೆದುಕೊಳ್ಳುತ್ತಿದ್ದೇನೆ: ಯಾವ ವಯಸ್ಸಿನಿಂದ ನಡೆದರು, ಯಾವ ಕೆಲಸಕ್ಕೆ, ಮಳೆಗಾಲದಲ್ಲಿ ಸಂಕ ಯಾರು ಹಾಕುತ್ತಿದ್ದರು. ಅಜ್ಜಿಯ ಹೇಳಿಕೆಗೆ ಹೆಬ್ಬೆಟ್ಟಾಗಿದೆ. ಇನ್ನೂ ಕೆಲವು ಮನೆಗಳು ಉಳಿದಿವೆ, ಅಡಿಕೆ ಕೊಯ್ಲು ಮುಗಿದ ಮೇಲೆ ಅವರಿಗೆ ಬಿಡುವು.